ಮೋಟಾರಿನೊಳಗಿನ ಹೊಟ್ಟು

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಕಿರಾಣಿಯವನು ತೂಗುವಾಗ ಅವನ ಕೈ ನೋಡುತ್ತೇನೆ, ಬಸ್ಸಿನಲ್ಲಿ ಕೊಟ್ಟ ಚಿಲ್ಲರೆ ಎರಡು ಸಲ ಎಣಿಸುತ್ತೇನೆ, ಯಾರಾದರೂ ಸುಮ್ಮಸುಮ್ಮನೆ ನಕ್ಕರೆ ಇವನಿಗೆ ನನ್ನಿಂದ ಏನು ಬೇಕಾಗಿದೆಯಪ್ಪಾ ಎಂದು ಯೋಚನೆಗೆ ಬೀಳುತ್ತೇನೆ. ಇದು ಜಾಣತನವೆಂದೇ ಬಹಳ ವರ್ಷ ತಿಳಿದುಕೊಂಡಿದ್ದೆ. ಆ ಬರದ ವರ್ಷ ಒಂದು ಬ್ಯಾಂಕ್ ಸಾಲದ ಹಿಂದೆ ಓಡಾಡಿದ ಮೇಲೆ ಹಾಗೆ ಹೇಳಿಕೊಳ್ಳುವುದನ್ನು ಬಿಟ್ಟೆ.

ಔರಾದಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಬಾಡಿಗೆ ಅಂಗಡಿ. ಸುಟ್ಟುಹೋದ ಪಂಪಿನ ಮೋಟಾರುಗಳ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ವೈಂಡಿಂಗ್ ಅಂದರೆ ಎಲ್ಲರಿಗೂ ಗೊತ್ತು. ಭಾಲ್ಕಿಯ ಒಬ್ಬ ಉಸ್ತಾದರ ಕೈಕೆಳಗೆ ಆರು ವರ್ಷ ಬೈಸಿಕೊಂಡು ಕಲಿತು ಬಂದಿದ್ದೆ. ಮನೆ ಸಂತಪುರದಲ್ಲಿ. ಅಪ್ಪ, ಅವ್ವ, ನಾನು, ಮದುವೆಯಾಗಿ ಎರಡು ವರ್ಷವಾಗಿದ್ದ ನನ್ನ ಹೆಂಡತಿ. ಅಪ್ಪ ದಿನಾ ನನ್ನ ಜೊತೆ ಔರಾದಿಗೆ ಬಂದು, ನಾನು ಹೊರಗೆ ಹೋದಾಗ ಅಂಗಡಿಯಲ್ಲಿ ಕೂರುತ್ತಿದ್ದ. ಅಂಗಡಿಯ ಎರಡನೇ ಕೀಲಿ ಅವನ ಉಡಿದಾರದಲ್ಲಿ ಇರುತ್ತಿತ್ತು.

ಬರದ ಮೊದಲ ವರ್ಷ ನಿಜ ಹೇಳಬೇಕೆಂದರೆ ನನಗೆ ಕೆಲಸ ಹೆಚ್ಚಾಯಿತು. ಬೋರಿನ ನೀರು ಕೆಳಗಿಳಿದು ಮೋಟಾರು ಒಣಗಿಯೇ ತಿರುಗಿ ಸುಡುತ್ತಿತ್ತು. ಎರಡನೇ ವರ್ಷ ಬೋರುಗಳೇ ಬತ್ತಿದವು. ರಿಪೇರಿಗೆ ಕೊಟ್ಟವರು ಮೋಟಾರನ್ನು ನನ್ನ ಅಂಗಡಿಯಲ್ಲೇ ಬಿಟ್ಟು, 'ಇರಲಿ ಬಿಡಪ್ಪ, ಮಳಿ ಆದ ಮ್ಯಾಲ ಒಯ್ತೇನಿ' ಎಂದು ಹೈದರಾಬಾದಿಗೋ ಪುಣೆಗೋ ಹೊರಟುಹೋದರು. ಗೋಡೆಗುಂಟ ಹದಿನಾಲ್ಕು ಮೋಟಾರು. ಒಂದೊಂದರ ಮೇಲೂ ಚಾಕ್‌ಪೀಸಿನಲ್ಲಿ ಯಜಮಾನನ ಹೆಸರು, ಊರು. ಡಾಬಕಾದ್ದೇ ನಾಲ್ಕು ಇದ್ದವು.

ಶ್ರಾವಣದಲ್ಲಿ ಮುಕಾದಮ ಬಂದ. ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಆಳು ಕೂಡಿಸುವವನು. ಗಂಡ ಹೆಂಡತಿ ಇಬ್ಬರು ಸೇರಿದರೆ ಅವನ ಲೆಕ್ಕದಲ್ಲಿ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲು. ಒಬ್ಬಂಟಿ ಅವನಿಗೆ ಬೇಡ. ಜೋಡಿಗೆ ಇಷ್ಟೆಂದು ಮುಂಗಡ ಕೊಟ್ಟು ಹೋಗುತ್ತಾನೆ, ದಸರೆ ಮುಗಿದ ಮೇಲೆ ಲಾರಿ ತರುತ್ತಾನೆ, ಯುಗಾದಿಯ ಹೊತ್ತಿಗೆ ತಂದು ಬಿಡುತ್ತಾನೆ. ನಮ್ಮ ಓಣಿಯಲ್ಲೇ ಐದು ಜೋಡಿ ಹೋಗುವವರಿದ್ದರು. ನನ್ನ ಹೆಂಡತಿಗೆ ಆಗ ಮೂರು ತಿಂಗಳು. ಹಿಂದಿನ ವರ್ಷ ಹೋದವಳೊಬ್ಬಳು ಗದ್ದೆಯ ಬದುವಿನಲ್ಲೇ ಹೆತ್ತು ಮೂರನೇ ದಿನ ಕಬ್ಬಿನ ಹೊರೆ ಹೊತ್ತಳೆಂದು ಕೇಳಿದ್ದೆ. ನನ್ನ ಹೆಂಡತಿಯನ್ನು ಆ ಲಾರಿ ಹತ್ತಿಸಬಾರದು, ಆ ವರ್ಷ ನನಗಿದ್ದ ಹಠ ಇದೊಂದೇ.

ಸಾಲದ ದಾರಿ ಹುಡುಕಿದವಳು ಅವಳೇ. ಪಿಯುಸಿ ಓದಿದವಳು, ಪೇಪರು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದಳು. 'ಊರ ಹೊಲದ ಬೋರು ಬತ್ತಿದ್ರೂ ಪಂಚಾಯ್ತಿ ಕುಡಿಯು ನೀರಿನ ಬೋರು ನಡದೇ ನಡೀತಾವ್ರಿ. ಅವು ಸುಟ್ರ ಬೀದರಿಗಿ ಒಯ್ತಾರ. ಯಾಕಂದ್ರ ನಿಮ್ಮ ಕೈಲಿ ಒಂದು ಮೋಟಾರಿಗಿ ಎರಡು ದಿನ ಹಿಡೀತದ. ಮಶೀನ್ ಇದ್ರ ದಿನಕ್ಕ ಮೂರು ಆಗ್ತಾವ' ಅಂದಳು. ಮಶೀನಿಗೆ, ವಾರ್ನಿಶ್ ಒಣಗಿಸುವ ಭಟ್ಟಿಗೆ ಬ್ಯಾಂಕು ಸಾಲ ಕೊಡುತ್ತದೆ, ಹೊಲದ ಕಾಗದ ಕೇಳುವುದಿಲ್ಲ, ಜಾಮೀನುದಾರರು ಬೇಡ, ಸರ್ಕಾರವೇ ಗ್ಯಾರಂಟಿ ನಿಲ್ಲುತ್ತದೆ ಎಂದು ಓದಿ ಹೇಳಿದಳು.

ಅಪ್ಪ ಉಣ್ಣುತ್ತಿದ್ದವನು ಕೈ ನಿಲ್ಲಿಸಿದ.

'ಸರ್ಕಾರ ನಿನಗ ಜಾಮೀನು ಯಾಕ ನಿಲ್ತದ? ನೀ ಸರ್ಕಾರದ ಅಳಿಯ ಏನು?'

ಅಪ್ಪನಿಗೆ ಜಾಮೀನು ಎಂಬ ಮಾತೇ ಆಗುವುದಿಲ್ಲ. ನಾನು ಸಾಲೆಗೆ ಹೋಗುವ ವಯಸ್ಸಿನಲ್ಲಿ ಅವನು ಸಂಬಂಧಿಕನೊಬ್ಬನ ಸಾಲಕ್ಕೆ ಸಹಿ ಹಾಕಿದ್ದ. ಆ ಸಂಬಂಧಿಕ ಕಟ್ಟದೆ ಊರು ಬಿಟ್ಟ. ವಸೂಲಿಯವರು ಜೀಪು ತಂದು ನಮ್ಮ ಮನೆ ಮುಂದೆ ನಿಲ್ಲಿಸಿದರು. ಮೊದಲೊಬ್ಬ ಬಂದು ಒಳಗೆಲ್ಲ ನೋಡಿ ಬರೆದುಕೊಂಡು ಹೋದ, ಮರುದಿನ ನಾಲ್ವರು ಬಂದು ಹೊತ್ತುಕೊಂಡು ಹೋದರು. ಬಾಗಿಲ ಕದ ಕಿತ್ತರು, ಕೊಡಪಾನ, ಹಿತ್ತಾಳೆ ಪಾತ್ರೆ ಒಯ್ದರು. ಅದರೊಳಗೆ ಪಕ್ಕದ ಮನೆಯವರ ತಾಮ್ರದ ಹಂಡೆಯೂ ಇತ್ತು. ನಮ್ಮಲ್ಲಿ ಹಬ್ಬಕ್ಕೆಂದು ಇಸಿದುಕೊಂಡು ತಂದಿದ್ದದ್ದು. ಮಂದಿಯದು ಎಂದು ಅವ್ವ ಎಷ್ಟು ಹೇಳಿದರೂ ಕೇಳಲಿಲ್ಲ. ಆಮೇಲೆ ಅವ್ವ ಪಕ್ಕದ ಮನೆಯವರ ಮುಖ ತಪ್ಪಿಸಿಕೊಂಡು ನೀರಿಗೆ ಸುತ್ತುಹಾದಿಯಲ್ಲಿ ಹೋಗುತ್ತಿದ್ದಳು. ಅಂದಿನಿಂದ ಅಪ್ಪ ಯಾವ ಕಾಗದಕ್ಕೂ ಸಹಿ ಹಾಕಿದವನಲ್ಲ.

ಹಾಗಂತ ಅಪ್ಪನ ಮಾತು ಕೇಳಿ ನನಗೆ ನಗು ಬಂತೆಂದು ತಿಳಿಯಬೇಡಿ. ನನಗೂ ಅದೇ ಶಂಕೆ. ನೀವೇ ಹೇಳಿ, ಸರ್ಕಾರ ನನ್ನ ಮುಖವನ್ನೇ ನೋಡಿಲ್ಲ, ನನಗೆ ಗ್ಯಾರಂಟಿ ನಿಲ್ಲುತ್ತದಂತೆ.

ಔರಾದಿನ ಬ್ಯಾಂಕಿನಲ್ಲಿ ಮ್ಯಾನೇಜರ್ ಒಬ್ಬ ಹೆಣ್ಣುಮಗಳು. ಮೈಸೂರು ಕಡೆಯವರು, ಬಂದು ವರ್ಷವಾಗಿರಲಿಲ್ಲ. 'ಗ್ಯಾರಂಟಿ ಬ್ಯಾಂಕಿಗೆ ಕಣ್ರೀ, ನಿಮಗಲ್ಲ' ಎಂದರು. 'ನೀವು ಕಟ್ಟದಿದ್ದರೆ ನಮಗಾಗೋ ನಷ್ಟದಲ್ಲಿ ಒಂದು ಪಾಲು ಸರ್ಕಾರದ ನಿಧಿ ಭರಿಸುತ್ತೆ, ಅಷ್ಟೇ. ನಿಮ್ಮ ಸಾಲ ನಿಮ್ಮ ತಲೆ ಮೇಲೇ ಇರುತ್ತೆ. ದುಡ್ಡೂ ನಿಮ್ಮ ಕೈಗೆ ಬರಲ್ಲ, ಮೆಷಿನ್ ಕೊಡೋರ ಖಾತೆಗೆ ಹೋಗುತ್ತೆ.' ಇಷ್ಟು ನೇರವಾಗಿ ಹೇಳಿದರಲ್ಲ, ಅದಕ್ಕೇ ನನ್ನ ಶಂಕೆ ಇಮ್ಮಡಿಯಾಯಿತು. ಸಾಲ ಕೊಡುವವರು ಯಾರಾದರೂ ಹೀಗೆ ಹೆದರಿಸಿ ಕೊಡುತ್ತಾರೆಯೇ? ಕೊಡುವ ಮನಸ್ಸಿಲ್ಲ, ಅಲೆದಾಡಿಸುತ್ತಾರೆ ಎಂದುಕೊಂಡೆ.

ಅಲೆದಾಟವೂ ಶುರುವಾಯಿತು. ಮಶೀನಿನ ದರಪತ್ರ ಬೇಕು, ಅದು ಭಾಲ್ಕಿಯಲ್ಲಿ, ಮಶೀನು ಮಾರುವುದು ನನ್ನ ಉಸ್ತಾದರೇ. ಅವರು ಕನ್ನಡಕದ ಮೇಲಿನಿಂದ ನೋಡಿ, 'ಔರಾದದಾಗ ಮಶೀನ್ ಹಾಕ್ತಿ? ಬೆಳಿ, ಬೆಳಿ' ಎಂದು ಬರೆದುಕೊಟ್ಟರು. ಎರಡು ಸಲ ಬೆಳೆ ಎಂದದ್ದು ಯಾಕೆ ಎಂದು ನಾನು ಬಸ್ಸಿನಲ್ಲಿ ಇಡೀ ದಾರಿ ತಲೆ ಕೆಡಿಸಿಕೊಂಡೆ. ಔರಾದಿನ ಪಂಚಾಯ್ತಿ ಮೋಟಾರುಗಳು ಅವರಿಗೂ ಹೋಗುತ್ತಿದ್ದವು. ಅವರ ಹೊಟ್ಟೆ ಉರಿಯದೆ ಇರುತ್ತದೆಯೇ?

ಆ ವಾರವೇ ನಾನು ಮನೆಯಲ್ಲಿ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದೆ. ಮುಕಾದಮನನ್ನು ಕಂಡು ನನ್ನ ಮತ್ತು ಹೆಂಡತಿಯ ಹೆಸರಲ್ಲಿ ಮುಂಗಡ ತೆಗೆದುಕೊಂಡೆ. ಒಂದು ಕಾಗದವಿಲ್ಲ, ಸಹಿಯಿಲ್ಲ. ಒಂದು ಕಪ್ ಚಹಾ, ಕೈಗೆ ನೋಟು. 'ಮಾತ ಅಂದ್ರ ಮಾತ' ಅಂದ ಅವನು. ನನ್ನ ಲೆಕ್ಕ ಹೀಗಿತ್ತು: ಬ್ಯಾಂಕಿನವರು ಕೈ ಎತ್ತಿದರೆ ಉಪವಾಸ ಬೀಳಬಾರದು. ಸಾಲ ಸಿಕ್ಕರೆ ಇವನ ದುಡ್ಡು ಹೇಗೋ ಹೊಂದಿಸಿ ತಿರುಗಿ ಕೊಟ್ಟರಾಯಿತು. ನೂರು ಪ್ರಶ್ನೆ ಕೇಳಿದ ಬ್ಯಾಂಕನ್ನು ನಂಬದವನು, ಒಂದು ಪ್ರಶ್ನೆಯನ್ನೂ ಕೇಳದವನನ್ನು ನಂಬಿದೆ. ಅರ್ಧ ದುಡ್ಡಿನಲ್ಲಿ ತಾಮ್ರದ ತಂತಿ ತಂದೆ, ಇನ್ನರ್ಧದಲ್ಲಿ ಅಂಗಡಿಯ ಬಾಕಿ ಬಾಡಿಗೆ ಕೊಟ್ಟೆ. ಹೆಂಡತಿ ಕೇಳಿದ್ದಕ್ಕೆ ಗಿರಾಕಿಗಳು ಹಳೆಯ ಬಾಕಿ ಕೊಟ್ಟರೆಂದೆ. ಅವಳು ನಂಬಿದಳು. ಅವಳಿಗೆ ನನ್ನ ರೋಗ ಇಲ್ಲ.

ಭಾದ್ರಪದದಲ್ಲಿ ಬೀದರಿನ ಜಿಲ್ಲಾ ಕಚೇರಿಯಿಂದ ಒಂದು ಪತ್ರ ತರಬೇಕಾಯಿತು. ಅಲ್ಲಿ ಗೇಟಿನ ಹತ್ತಿರದ ಚಹಾದ ಹೋಟೆಲಿನಲ್ಲಿ ಒಬ್ಬ, ಬಿಳಿ ಅಂಗಿಯವನು, 'ಗ್ಯಾರಂಟಿ ಸಾಲ ಏನ್ರಿ? ನಮ್ಮ ಹುಡುಗರು ಒಳಗ ಅದಾರ, ಫೀಸು ಕೊಟ್ರ ನಾಳಿನೇ' ಎಂದು ಹತ್ತಿರ ಸರಿದ. ಅವನನ್ನು ಮಾತ್ರ ನಂಬಲಿಲ್ಲ, ಅದೊಂದು ಪುಣ್ಯ. ಸಾಹೇಬರು ಸಿಗದೆ ಅಂದು ಅಷ್ಟೂರಿನ ನಮ್ಮ ಸೋದರತ್ತೆಯ ಮನೆಯಲ್ಲಿ ಉಳಿದು, ಮರುದಿನ ಪತ್ರ ಹಿಡಿದುಕೊಂಡು ಔರಾದಿಗೆ ಬಂದೆ. ಅಪ್ಪ ಅಂಗಡಿಯಲ್ಲಿ ಕುಳಿತಿದ್ದ. ಎಲ್ಲ ಇದ್ದ ಹಾಗೇ ಇತ್ತು.

'ನಿನ್ನಿ ಬ್ಯಾಂಕಿನ ಮ್ಯಾನೇಜರ್ ಬಾಯಿ ಬಂದು ನೋಡಿ ಹೋದಳು' ಅಂದ.

'ಏನಂದ್ರು?'

'ಏನಿಲ್ಲ. ನೋಡಿದಳು, ಹೋದಳು.'

ಅವನ ಮುಖದಲ್ಲಿ ಏನೋ ಗೆದ್ದವನ ಕಳೆ ಇತ್ತು. ನನಗೂ ಸಮಾಧಾನವಾಯಿತು. ಹದಿನಾಲ್ಕು ಮೋಟಾರು, ಹೊಸ ತಂತಿಯ ಸುರುಳಿ, ಸುಟ್ಟ ವಾರ್ನಿಶಿನ ವಾಸನೆ, ಇಷ್ಟು ಕಂಡ ಮೇಲೆ ಯಾರು ಬೇಡ ಅನ್ನುತ್ತಾರೆ?

ನಾಲ್ಕು ದಿನಕ್ಕೆ ಬ್ಯಾಂಕಿಗೆ ಕರೆಸಿದರು. ಮ್ಯಾನೇಜರ್ ನನ್ನ ಅರ್ಜಿಯನ್ನು ನನ್ನ ಕಡೆಗೇ ಸರಿಸಿದರು. 'ಅಂಗಡಿ ಖಾಲಿ ಇದೆ. ಒಂದು ಸ್ಟೂಲು, ಒಬ್ಬ ಯಜಮಾನರು, ಅಷ್ಟೇ. ನಡೀದೇ ಇರೋ ಅಂಗಡಿಗೆ ನಾನು ಮೆಷಿನ್ ಕೊಡಿಸೋಕಾಗಲ್ಲ.'

'ಖಾಲಿ? ನನ್ನ ದುಕಾನ? ನೀವು ಬ್ಯಾರೆ ಯಾರದೋ ನೋಡೀರಿ ಮೇಡಂ.'

'ನನ್ನ ಕಣ್ಣಾರೆ ನೋಡಿದೀನಿ ಕಣ್ರೀ.'

ನನ್ನ ಮೈ ಬೆಂಕಿಯಾಯಿತು. ಇಷ್ಟು ಹಸಿ ಸುಳ್ಳನ್ನು ಇಷ್ಟು ತಣ್ಣಗೆ ಹೇಳುವವರನ್ನು ನಾನು ಕಂಡಿರಲಿಲ್ಲ. ಅಂಗಡಿ ತುಂಬಿದ್ದನ್ನು ಕಂಡೂ ಖಾಲಿ ಎನ್ನುತ್ತಾರೆಂದರೆ ಯಾರೋ ಹೇಳಿಸಿದ್ದಾರೆ. ಯಾರು? ಯೋಚನೆ ಮಾಡುವ ಕಷ್ಟವನ್ನೂ ನಾನು ತೆಗೆದುಕೊಳ್ಳಲಿಲ್ಲ. ಅಲ್ಲಿಂದಲೇ ಭಾಲ್ಕಿಯ ಬಸ್ಸು ಹತ್ತಿದೆ.

ಉಸ್ತಾದರು ಗಿರಾಕಿಗಳ ನಡುವೆ ಕುಳಿತಿದ್ದರು. ಅವರೆದುರಿಗೇ ಹೊಟ್ಟೆಕಿಚ್ಚಿನವರೆಂದೆ, ಬ್ಯಾಂಕಿನವರ ಕಿವಿ ಕಚ್ಚಿದ್ದೀರೆಂದೆ, ಶಿಷ್ಯನ ತುತ್ತು ಕಿತ್ತುಕೊಂಡು ನಿಮಗೆ ಅನ್ನ ಇಳಿಯುತ್ತದೆಯೇ ಎಂದೆ. ಇನ್ನೂ ಏನೇನೋ ಅಂದೆ. ಅವರು ಎದ್ದು ನಿಲ್ಲಲಿಲ್ಲ, ಗದರಲೂ ಇಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, 'ನೀರು ಕುಡಿ. ಬಿಸಿಲಾಗ ಬಂದಿ' ಎಂದರು. ಕುಡಿಯದೆ ಬಂದೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಅವ್ವ ನನಗೆ ಹೇಳುತ್ತಲೇ ಬಂದಿದ್ದಾಳೆ.

ಅಪ್ಪನನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಹೊಳೆಯಲೇ ಇಲ್ಲ ನೋಡಿ. ಅರ್ಜಿ ತಿರಸ್ಕಾರವಾಯಿತೆಂದು ನಾನು ಮನೆಯಲ್ಲಿ ಹೇಳಿದಾಗ ಅವನು ತಲೆ ತಗ್ಗಿಸಿ, 'ನಾ ಹೇಳಿದ್ದೆ, ಅವರ ಸಹವಾಸ ಬ್ಯಾಡಂತ' ಅಂದಿದ್ದ. ಹೆಂಡತಿ ಫಾರಂಗಳನ್ನು ಮಡಚಿ ಟ್ರಂಕಿನಲ್ಲಿಟ್ಟಳು.

ಒಂದು ವಾರದ ಮೇಲೆ ಡಾಬಕಾದವನೊಬ್ಬ ಹೈದರಾಬಾದಿನಿಂದ ವಾಪಸು ಬಂದ. ಮೋಟಾರು ಮಾರಿಬಿಡುತ್ತೇನೆ, ಒಂದು ಸಲ ನಡೆಸಿ ತೋರಿಸು ಎಂದ. ನಾನೇ ಸುತ್ತಿ, ವಾರ್ನಿಶ್ ಹಾಕಿ ಇಟ್ಟಿದ್ದ ಮೋಟಾರು. ಚಾಲು ಮಾಡಿದರೆ ಕರಕರ ಸದ್ದು. ಬಿಚ್ಚಿದೆ. ತಂತಿ ಕೂರುವ ಸೀಳುಗಳಲ್ಲಿ, ಬೇರಿಂಗಿನ ಬುಡದಲ್ಲಿ ಏನೋ ಹಳದಿ. ಉಗುರಿನಿಂದ ಕೆರೆದು ಅಂಗೈಗೆ ಹಾಕಿಕೊಂಡೆ. ತೊಗರಿಯ ಹೊಟ್ಟು.

ನನ್ನ ಅಂಗಡಿಯಲ್ಲಿ ಹೊಟ್ಟು ಎಲ್ಲಿಂದ ಬರಬೇಕು? ಇನ್ನೊಂದು ಮೋಟಾರು ಬಿಚ್ಚಿದೆ, ಅದರಲ್ಲೂ ಇತ್ತು. ಮೂರನೆಯದರಲ್ಲೂ ಇತ್ತು. ಅಂಗಡಿಯ ಹಿಂದೆ ಒಬ್ಬರ ದನದ ಕೊಟ್ಟಿಗೆ ಇದೆ, ಅಲ್ಲಿ ಮೂಲೆಯಲ್ಲಿ ಹೊಟ್ಟಿನ ರಾಶಿ. ತಿರುಗಿ ನೋಡಿದೆ. ಅಪ್ಪ ಸ್ಟೂಲಿನ ಮೇಲೆ ಕುಳಿತವನು ಹೆಗಲ ಮೇಲಿನ ವಸ್ತ್ರ ತೆಗೆದು ಮತ್ತೆ ಹೆಗಲ ಮೇಲೆ ಹಾಕಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ.

ಗಿರಾಕಿ ಹೋಗುವವರೆಗೆ ಕಾದು ಕೇಳಿದೆ. 'ಅಪ್ಪಾ, ಮೋಟಾರು ಹೊಟ್ಟಿನಾಗ ಯಾಕ ಹೋಗಿದ್ವು?'

'ನಾನೇ ಇಟ್ಟಿದ್ದೆ' ಅಂದ. 'ಮುಂಜಾನಿ ಬ್ಯಾಂಕಿನ ಜವಾನ ಬಂದು, ಮಧ್ಯಾಹ್ನ ಮೇಡಂ ಬಂದು ದುಕಾನದಾಗ ಏನೇನು ಅದ ನೋಡಿ ಬರಕೊಳ್ತಾರ ಅಂದ. ಬರಕೊಂಡು ಹೋದವರು ಮರುದಿನ ಬಂದು ಒಯ್ತಾರ, ನಾ ಕಂಡೀನಿ. ಇವು ನಮ್ಮವಾ? ಮಂದಿ ಮಾಲು. ನಂಬಿ ಬಿಟ್ಟು ಹೋಗ್ಯಾರ. ಕೈಗಾಡಿ ಇಸಕೊಂಡು ಎಲ್ಲಾ ಹಿಂದಿನ ಕೊಟ್ಟಿಗಿಗಿ ಸಾಗಿಸಿದೆ, ಆಕಿ ಹೋದ ಮ್ಯಾಲ ತಿರುಗಿ ತಂದಿಟ್ಟೆ. ಬೆನ್ನು ಇನ್ನಾ ನೋಯ್ತದ.'

'ಸಾಲ ಕೊಡೂಕಿಂತ ಮೊದಲ ಜಪ್ತಿಗಿ ಯಾರು ಬರ್ತಾರ ಅಪ್ಪಾ?'

'ನನಗೇನು ಗೊತ್ತು. ನನ್ನ ಹತ್ರ ಬಂದಾಗ ಅವರು ಹಾಂಗೇ ಬಂದಿದ್ರು.'

ಬೈಯಬೇಕೆಂದು ಬಾಯಿ ತೆರೆದೆ. ಅವ್ವನ ಸುತ್ತುಹಾದಿ ನೆನಪಾಯಿತು. ಮೋಟಾರಿನ ಕಡೆ ತಿರುಗಿ ಉಳಿದ ಹೊಟ್ಟು ಕೆರೆಯತೊಡಗಿದೆ. ಭಾಲ್ಕಿಯಲ್ಲಿ ಎಸೆದು ಬಂದ ಮಾತುಗಳು ಒಂದೊಂದಾಗಿ ನೆನಪಾದವು.

ಅಂಗೈಯಲ್ಲಿ ಹೊಟ್ಟು ಹಿಡಿದುಕೊಂಡೇ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ. 'ಈಗ ಎಲ್ಲಿಂದಲೋ ಮೋಟಾರು ತಂದು ಜೋಡಿಸಿಟ್ಟು ಈ ಕಥೆ ಹೇಳ್ತಿಲ್ಲ ಅಂತ ನಾನು ಹೇಗೆ ನಂಬಲಿ?' ಸಿಟ್ಟು ನೆತ್ತಿಗೇರಿತು, ಅಷ್ಟೇ ಬೇಗ ಇಳಿಯಿತು. ಅವರ ಜಾಗದಲ್ಲಿ ನಾನಿದ್ದರೂ ಇದನ್ನೇ ಕೇಳುತ್ತಿದ್ದೆ. ಈ ಒಂದು ವಿಷಯದಲ್ಲಿ ಅವರು ನನ್ನ ಒಡಹುಟ್ಟಿದ ಅಕ್ಕನ ಹಾಗೆ ಕಂಡರು.

'ಬಂದು ಕೂಡ್ರಿ ಮೇಡಂ. ನಿಮ್ಮ ಮುಂದ ಒಂದು ಸುತ್ತಿ ತೋರಸ್ತೇನಿ.'

ರಜೆಯ ಶನಿವಾರ ಬಂದರು. ನಿಜಕ್ಕೂ ಕುಳಿತರು. ತಾವೇ ಒಂದು ಸುಟ್ಟ ಮೋಟಾರು ಆರಿಸಿದರು, ಸಣ್ಣದು, ಮನೆಯ ನೀರಿನದು. ಹಳೆಯ ತಂತಿ ಕಡಿದು ಕಿತ್ತೆ, ಸೀಳುಗಳಿಗೆ ಕಾಗದ ಕೂರಿಸಿದೆ, ಸುತ್ತು ಎಣಿಸುತ್ತ ಸುತ್ತಿದೆ. ನಾನು ತುಟಿಯಲ್ಲಿ ಎಣಿಸುತ್ತಿದ್ದರೆ ಅವರು ಬೆರಳಿನಲ್ಲಿ ಎಣಿಸುತ್ತಿದ್ದರು. ನಡುವೆ ಹೆಂಡತಿ ಸಂತಪುರದಿಂದ ತಂದ ರೊಟ್ಟಿಯನ್ನು ಅಲ್ಲೇ ಉಂಡರು. ಒಂದು ಸಲ ಅಪ್ಪನ ಕಡೆ ತಿರುಗಿ, 'ನಾನು ಒಯ್ಯೋಕೆ ಬಂದಿರಲಿಲ್ಲ ಯಜಮಾನ್ರೇ, ಕೊಡೋಕೆ ಬಂದಿದ್ದೆ' ಅಂದರು. ಅಪ್ಪ, 'ಹೌದ್ರಿ ಯವ್ವಾ, ಆದ್ರ ಎರಡಕ್ಕೂ ಬರೋರ ಕೈಯಾಗ ಅದೇ ಬರಕೊಳ್ಳೂ ವಹಿ ಇರ್ತದಲ್ರಿ' ಅಂದ. ಸಂಜೆ ಐದಕ್ಕೆ ಮೋಟಾರು ತಿರುಗಿತು. ಅವರು ಅದರ ಮೇಲೆ ಕೈಯಿಟ್ಟು ನೋಡಿ, 'ಸೋಮವಾರ ಬನ್ನಿ' ಎಂದರು.

ಹೊಸ ಅರ್ಜಿಗೆ ಹೊಸ ದರಪತ್ರ ಬೇಕು, ಭಾಲ್ಕಿಗೆ ಹೋಗಲೇಬೇಕಿತ್ತು. ಅಂಗಡಿಯ ಹೊರಗೇ ಚಪ್ಪಲಿ ಬಿಟ್ಟು ನಿಂತೆ. ಉಸ್ತಾದರು ಮೊದಲು ನೀರಿನ ಚೊಂಬು ಕೊಟ್ಟರು. ಈ ಸಲ ಕುಡಿದೆ. ಆಮೇಲೆ ಬರೆದುಕೊಟ್ಟರು, ಹಿಂದಿನದಕ್ಕಿಂತ ದರ ಕಡಿಮೆ ಹಾಕಿ. ಯಾಕೆ ಕಡಿಮೆ ಎಂದು ಮನಸ್ಸಿನ ಮೂಲೆಯಲ್ಲಿ ಹುಳ ಆಡಿತು. ಥೂ ನನ್ನ ಜನ್ಮಕ್ಕೆ ಎಂದುಕೊಂಡು ಬಸ್ಸು ಹತ್ತಿದೆ.

ದಸರೆಗೆ ಎರಡು ದಿನ ಮೊದಲು ಸಾಲ ಮಂಜೂರಾಯಿತು. ದುಡ್ಡು ಉಸ್ತಾದರ ಖಾತೆಗೆ ಹೋಯಿತು, ದಸರೆ ಆದ ವಾರದಲ್ಲಿ ಮಶೀನು ಬರುವುದಿತ್ತು. ಹೆಂಡತಿ ಅಂದು ಶಾವಿಗೆ ಪಾಯಸ ಮಾಡಿದಳು. ಅದು ನನಗೆ ಒಳಗೆ ಇಳಿಯಲಿಲ್ಲ. ಮುಕಾದಮನ ಮನೆಗೆ ಮೂರು ಸಲ ಹೋಗಿ ಬಂದಿದ್ದೆ. ಕಂತಿನಲ್ಲಿ ತಿರುಗಿಸುತ್ತೇನೆಂದರೆ ನಕ್ಕಿದ್ದ. 'ನನಗ ದುಡ್ಡು ಬ್ಯಾಡೋ ತಮ್ಮಾ, ಕೈ ಬೇಕು. ಕಾರಖಾನಿಗಿ ಇಷ್ಟು ಕೊಯ್ತಾ ಅಂತ ಹೇಳೀನಿ. ಮಾತ ಅಂದ್ರ ಮಾತ.' ಅಲ್ಲಿ ಯಾವ ಕಾಗದವೂ ಇರಲಿಲ್ಲ, ಹಾಗಾಗಿ ತೋರಿಸಿ ವಾದ ಮಾಡಲು ನನಗೂ ಏನೂ ಇರಲಿಲ್ಲ.

ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಂಡ ಮೂರನೇ ದಿನ ಬೆಳಿಗ್ಗೆ ಲಾರಿ ಓಣಿಗೆ ಬಂತು. ಐದು ಜೋಡಿ ಗಂಟುಮೂಟೆ ಸಮೇತ ಹತ್ತಿದರು. ಮುಕಾದಮ ನಮ್ಮ ಬಾಗಿಲಿಗೆ ಬಂದು ನನ್ನ ಹೆಸರನ್ನೂ ಹೆಂಡತಿಯ ಹೆಸರನ್ನೂ ಕೂಗಿದ. ಅಂಗಳ ಗುಡಿಸುತ್ತಿದ್ದ ಹೆಂಡತಿ ಪೊರಕೆ ಹಿಡಿದುಕೊಂಡೇ ನನ್ನ ಕಡೆ ನೋಡಿದಳು. ಅವಳಿಗೆ ಐದು ತಿಂಗಳು ತುಂಬಿತ್ತು.

'ಗಿರಾಕಿ ಬಾಕಿ ಅಂದ್ರಿ' ಅಂದಳು. ನೆಲ ಬಾಯಿ ಬಿಟ್ಟಿದ್ದರೆ ಇಳಿದು ಹೋಗುತ್ತಿದ್ದೆ, ಅಷ್ಟು ನಾಚಿಕೆಯಾಯಿತು.

ನಾನು ಏನೋ ತೊದಲುತ್ತಿದ್ದಾಗ ಅಪ್ಪ ಒಳಗೆ ಹೋದ. ಅವ್ವನೂ ಹೋದಳು. ಒಳಗೆ ಅವರಿಬ್ಬರು ಏನು ಮಾತಾಡಿದರೋ ಗೊತ್ತಿಲ್ಲ, ಹೆಚ್ಚು ಹೊತ್ತೇನೂ ಆಗಲಿಲ್ಲ. ಹೊರಗೆ ಬಂದಾಗ ಅಪ್ಪನ ಹೆಗಲ ಮೇಲೆ ಕೌದಿಯ ಸುರುಳಿ ಇತ್ತು. ಅವ್ವನ ಕಂಕುಳಲ್ಲಿ ರೊಟ್ಟಿಯ ಬುಟ್ಟಿ.

'ಜೋಡಿ ಬೇಕಲ್ಲ ನಿನಗ? ನಡಿ' ಎಂದ ಅಪ್ಪ ಮುಕಾದಮನಿಗೆ.

ಮುಕಾದಮ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದ. 'ಕಾಕಾ, ನಿಮ್ಮ ವಯಸ್ಸಿಗಿ ಆಗ್ತದೇನು?'

'ಅವನ ಮಾತಿಗಿ ನಾ ಜಾಮೀನು' ಅಂದ ಅಪ್ಪ. 'ಬ್ಯಾಂಕಿಗಿ ಸರ್ಕಾರ ನಿಂತದ. ನಿನಗ ಯಾರು ನಿಲ್ಲಬೇಕು?'

ನಾನು ಅಡ್ಡ ಹೋಗಿ ಕೌದಿ ಹಿಡಿದುಕೊಂಡೆ. ಬೇಡ ಅಪ್ಪಾ, ಮಶೀನು ಹೋದರೆ ಹೋಗಲಿ, ನಾನೇ ಹೋಗುತ್ತೇನೆ ಎಂದೆ. 'ನೀ ಒಬ್ಬನೇ ಹೋದ್ರ ಅರ್ಧ ಕೊಯ್ತಾ' ಅಂದ. 'ಆಕಿನ್ನ ಕರಕೊಂಡು ಹೋಗ್ತಿ ಏನು?' ನನ್ನ ಕೈ ತಾನಾಗಿ ಬಿಟ್ಟಿತು. ಅವ್ವ ಆಗಲೇ ಯಾರದೋ ಕೈ ಹಿಡಿದು ಲಾರಿ ಹತ್ತಿ ಕುಳಿತಿದ್ದಳು, ಸೊಸೆಗೆ ಯಾವ ತಿಂಗಳಲ್ಲಿ ಏನು ತಿನ್ನಬಾರದೆಂದು ಮೇಲಿನಿಂದಲೇ ಹೇಳುತ್ತಿದ್ದಳು.

ಅಪ್ಪ ಹತ್ತುವ ಮೊದಲು ನಿಂತ. ಅಂಗಿ ಎತ್ತಿ ಉಡಿದಾರ ತಡಕಾಡಿ ಅಂಗಡಿಯ ಕೀಲಿ ಬಿಚ್ಚಿದ. ನಾನು ಕೈ ಚಾಚಿದೆ. ಅವನು ನನ್ನ ಕೈಯನ್ನು ನೋಡಿದ, ದಾಟಿ ಹೋಗಿ ಅದನ್ನು ನನ್ನ ಹೆಂಡತಿಯ ಅಂಗೈಯಲ್ಲಿಟ್ಟ.

'ಮಂದಿ ಮೋಟಾರು ಅವ ತಂಗಿ, ನೀ ನೋಡಕೋ' ಅಂದು ಲಾರಿ ಹತ್ತಿದ.